ಒಂದು ಗೇಣು ಹೆಚ್ಚು

ನಿದ್ದೆಯಲ್ಲಿ ನಾನು ಮಹಾ ಸಂಚಾರಿ. ಜಗಲಿಯ ಈ ತುದಿಯಲ್ಲಿ ಮಲಗಿದರೆ ಏಳುವುದು ಆ ತುದಿಯಲ್ಲಿ. ಎಚ್ಚರದಲ್ಲಿ ಕುಂದಾಪುರದಿಂದ ಆಚೆಗೆ ಹೋದದ್ದು ಕಡಿಮೆ. ಅದಕ್ಕೇ ತಿರುಗಾಟದ ಆಸೆಯನ್ನೆಲ್ಲ ಚಾಪೆಯ ಮೇಲೆ ತೀರಿಸಿಕೊಳ್ಳುತ್ತೇನೆಂದು ತಮ್ಮ ಶೀನ ನಗುತ್ತಿದ್ದ. ಹೊರಳುವುದಕ್ಕೂ ಜಾಗ ಬೇಕೆಂಬುದು ನನಗೆ ಹೊಳೆದೇ ಇರಲಿಲ್ಲ.

ಶೀನ ಮುಂಬಯಿಯ ಹೋಟೆಲೊಂದರಲ್ಲಿ ಹನ್ನೊಂದು ವರ್ಷ ದೋಸೆ ಕಾವಲಿಯ ಮುಂದೆ ನಿಂತವನು. ರಜೆಯಲ್ಲಿ ನಮ್ಮೂರು ಹೆಮ್ಮಾಡಿಗೆ ಬಂದಾಗ ಮಧ್ಯಾಹ್ನದ ಊಟ ಮುಗಿಸಿ ಜಗಲಿಯಲ್ಲಿ ಮಲಗುತ್ತಿದ್ದ. ಹತ್ತು ಜನ ಮಲಗಬಹುದಾದ ಜಗಲಿ. ಅವನು ಮಾತ್ರ ಗೋಡೆಗೆ ಅಂಟಿಕೊಂಡು, ಮೊಣಕಾಲು ಮಡಚಿ, ಒಂದೇ ಮಗ್ಗುಲಲ್ಲಿ. ಒಮ್ಮೆ ಹಪ್ಪಳ ಒಣಹಾಕಲು ಅವನ ಪಕ್ಕದಲ್ಲಿ ಹಾದುಹೋದೆ. ಕಣ್ಣು ಮುಚ್ಚಿಕೊಂಡೇ ಎದ್ದು ಚಾಪೆ ಬಿಟ್ಟ.

"ಬಂದ್ಯಾ? ಮನಿಕೋ, ನಂದ್ ಆಯ್ತ್."

"ಎಂತ ಆಯ್ತ್ ನಿಂದ್, ಮಾರಾಯ?"

ಕಣ್ಣು ಬಿಟ್ಟು ನನ್ನನ್ನು ಕಂಡು ನಕ್ಕ. "ಪಾಳಿ, ಅಕ್ಕ!"

ಅವನ ಕೋಣೆಯಲ್ಲಿ ಚಾಪೆಯೊಂದಕ್ಕೆ ಇಬ್ಬರಂತೆ. ಒಬ್ಬ ಕೆಲಸಕ್ಕೆ ಎದ್ದರೆ ಇನ್ನೊಬ್ಬ ಮಲಗಬೇಕು. ಒಬ್ಬ ಹೊರಳಿದರೆ ಇಡೀ ಸಾಲು ಹೊರಳಬೇಕು. ತಮಾಷೆಯಾಗಿ ಹೇಳಿದ, ನಾನೂ ನಕ್ಕೆ. ಆ ನಗೆಗೆ ಇಂದಿಗೂ ನಾಚಿಕೆಯಾಗುತ್ತದೆ.

ಏಳನೆಯ ತರಗತಿಯ ಭೂಗೋಳದಲ್ಲಿ ಮುಂಬಯಿ ಮಹಾನಗರವೆಂದು ಬಾಯಿಪಾಠ ಮಾಡಿದ್ದೆ. ಯಾವುದರಲ್ಲಿ ಮಹಾ? ನಮ್ಮ ಗದ್ದೆಗಳಿಂದ ಎದ್ದುಹೋದವರ ಕೈಯಲ್ಲಿ ಬೆಳಗಿನ ತಿಂಡಿ ಮಾಡಿಸಿಕೊಳ್ಳುತ್ತದೆ, ಮಾಡಿದವನಿಗೆ ಬೆನ್ನು ಚಾಚುವಷ್ಟು ನೆಲ ಕೊಡುವುದಿಲ್ಲ. ನಮ್ಮ ಹಟ್ಟಿಯ ಎಮ್ಮೆಗೆ ಅದಕ್ಕಿಂತ ಹೆಚ್ಚು ಜಾಗವಿದೆ, ಅದು ಪಾಳಿಯಲ್ಲಿ ಮಲಗುವುದೂ ಇಲ್ಲ. ಶೀನನ ಚಾಪೆಯ ಪಾಲುದಾರನಿಗೆ ಕೆಮ್ಮಿತ್ತು. ಮೊದಲು ಅವನು ತೀರಿಹೋದ, ಮುಂದಿನ ಮಳೆಗಾಲಕ್ಕೆ ಅದೇ ಕೆಮ್ಮಿನಲ್ಲಿ ಶೀನ. ಊರಿನ ನಾವೇನು ಕಡಿಮೆ? ರಜೆಗೆ ಬಂದವರ ಹೊಸ ಅಂಗಿಯನ್ನು ಮುಟ್ಟಿ ಮುಟ್ಟಿ ನೋಡಿದೆವು. ಅಲ್ಲಿ ಎಲ್ಲಿ ಮಲಗುತ್ತೀ ಎಂದು ಒಬ್ಬರೂ ಕೇಳಲಿಲ್ಲ.

ಶೀನನ ಟ್ರಂಕನ್ನು ತಂದುಕೊಟ್ಟವನು ಅದೇ ಕೋಣೆಯಲ್ಲಿದ್ದ ತಲ್ಲೂರಿನ ಬಾಬು. ಸತ್ತವರು ಮಲಗುತ್ತಿದ್ದ ಚಾಪೆಯನ್ನು ನಮ್ಮಲ್ಲಿ ಇಟ್ಟುಕೊಳ್ಳುವುದಿಲ್ಲ, ಹೊಳೆಗೆ ಬಿಡುತ್ತೇವೆ. ಅದಕ್ಕೇ ಕೇಳಿದೆ, "ಬಾಬು, ಅವ್ನ ಚಾಪೆ ಎಲ್ಲಿತ್ತ್?"

ಬಾಬು ನೆಲ ನೋಡಿದ. "ಅದ್ರಗೆ ಈಗ ಬೈಂದೂರ್ ಬದಿಯವ ಮನಿಕಂತ, ಅಕ್ಕ. ನಾವ್ ಸ್ಮಶಾನದಿಂದ ಬಪ್ಪು ಹೊತ್ತಿಗೇ ಬಂದ್ ಕೂಕಂಡಿದ್ದ. ಎಂತ ಮಾಡುದ್? ಅವ್ನಿಗೂ ಜಾಗ ಇಲ್ಲೆ."

ಅಳು ಬರಲಿಲ್ಲ, ಸಿಟ್ಟು ಬಂತು. ನನ್ನ ತಮ್ಮ ಮಲಗಿದ್ದ ಜಾಗ ಒಂದು ಹೊತ್ತಾದರೂ ಖಾಲಿ ಇರಬಾರದಿತ್ತೇ? ಆ ಬೈಂದೂರಿನವನ ಮೇಲೆ ಸಿಟ್ಟು ಮಾಡೋಣವೆಂದರೆ, ಅವನ ಮನೆಯಲ್ಲೂ ಒಬ್ಬಳು ಅಕ್ಕ ಇರಬಹುದು. ಅವನ ಹೊಸ ಅಂಗಿಯನ್ನು ಅವಳೂ ಮುಟ್ಟಿ ನೋಡಬಹುದು. ಹಾಡಿಯ ಬದಿಯಿಂದ ಕೇದಗೆ ಜಾತಿಯ ಮುಂಡಕನ ಓಲೆ ಕೊಯ್ದು ತಂದು, ಮುಳ್ಳು ತೆಗೆದು, ಒಣಗಿಸಿ, ಚಾಪೆ ಹೆಣೆಯಲು ಕುಳಿತೆ. ಬಾಬುವಿನ ರಜೆ ಮುಗಿಯುವುದರೊಳಗೆ ಮುಗಿಸಿದೆ.

ಹೊರಡುವ ದಿನ ಅವನನ್ನು ಕರೆದು ಹೇಳಿದೆ: "ಇದನ್ ಆ ಬೈಂದೂರಿನವ್ನಿಗೆ ಕೊಡ್. ಹಳೇದನ್ ಅಲ್ಲಿನ್ ಕಡ್ಲಿಗೆ ಬಿಡ್."

ಬಾಬು ಚಾಪೆ ಬಿಡಿಸಿ ಗೇಣು ಹಾಕಿ ಅಳೆದ. "ಹ್ವಾಯ್ ಅಕ್ಕ, ಅಗ್ಲ ಒಂದ್ ಗೇಣ್ ಜಾಸ್ತಿ ಆಯ್ತಲೆ! ಅಲ್ಲ್ ಹಾಸುಕ್ ಆತಿಲ್ಲೆ, ಬದಿಯವ್ರ್ ಬೈತ್ರ್."

"ಗೊತ್ತಿದ್ದೇ ಹೆಣ್ದದ್," ಎಂದೆ. "ಮುಂಬಯಿ ದಿನಾ ದೊಡ್ಡದಾತಾ ಇತ್ತಂಬ್ರಲೆ, ಒಂದ್ ಗೇಣ್ ಜಾಗ ಮಾಡ್ಲಿ."