ರೋಸಮ್ಮ ನರ್ಸ್ ಕೂರುತ್ತಿರಲಿಲ್ಲ

ರೋಸಮ್ಮ ಕೂತಿದ್ದನ್ನು ನಾನು ನೋಡಿದ್ದು ಎರಡೇ ಸಲ. ಮಿಕ್ಕಂತೆ ಆಯಮ್ಮ ನಿಂತೇ ಇರುತ್ತಿದ್ದಳು, ಅದೂ ಒಂದು ಕಾಲು ಹೊಸಲಿನ ಒಳಗೆ, ಒಂದು ಕಾಲು ಹೊರಗೆ. "ಹೊಸಲು ತುಳೀಬ್ಯಾಡ ಕಣಮ್ಮ, ಅನಿಷ್ಟ. ಒಳಕ್ಕನಾ ಬಾ, ಆಚಿಕ್ಕನಾ ಓಗು" ಅಂತ ನಮ್ಮತ್ತೆ ಮುನಿಯಮ್ಮ ಗೊಣಗುತ್ತಿದ್ದಳು. ರೋಸಮ್ಮ ನಗುತ್ತಿದ್ದಳು: "ಕೂತ್ರೆ ಕಾಪಿ ಕೊಡ್ತೀರಾ, ಕಾಪಿ ಕುಡುದ್ರೆ ಮಾತು. ಅಷ್ಟರಾಗೆ ಮುಂದಿನೂರು ಬಸುರಿ ಒಲದ ಕಡೆ ಓಗಿಬಿಟ್ಟಿರ್ತಾಳೆ!"

ಆಯಮ್ಮನ ಊರು ಆಂಡರ್ಸನ್‌ಪೇಟೆ, ಮನೆಮಾತು ತಮಿಳು. ಬೇತಮಂಗಲದವರೆಗೆ ಬಸ್ಸು, ಅಲ್ಲಿಂದ ಕೆರೆ ಏರಿ ಹಿಡಿದು ನಮ್ಮೂರಿಗೆ ನಡಿಗೆ. ಅರವತ್ತರ ದಶಕದ ಶುರು. ಕೆರೆ ಇದ್ದ ಮೇಲೆ ಸೊಳ್ಳೆ, ಸೊಳ್ಳೆ ಇದ್ದ ಮೇಲೆ ಚಳಿಜ್ವರ. "ಗಂಡಸ್ರಿಗೆ ಬಂದ್ರೆ ಒಂದು ಜೀವ ನಡುಗ್ತದೆ, ಬಸುರಿಗೆ ಬಂದ್ರೆ ಎರಡು" ಅಂತ, ಜ್ವರ ಬರುವ ಮುಂಚೆಯೇ ಬಸುರಿಯರಿಗೆಲ್ಲ ವಾರಕ್ಕೊಂದು ದಿನ ಮಾತ್ರೆ ಕೊಡುತ್ತಿದ್ದಳು. ಅಯ್ಯಪ್ಪಾ, ಅದೇನು ಕಹಿ! ನಾವೇನು ಕಮ್ಮಿಯೇ? ನಾಲಿಗೆ ಕೆಳಗೆ ಇಟ್ಟುಕೊಂಡು ಆಯಮ್ಮ ತಿರುಗಿದ ಕೂಡಲೇ ಉಗಿಯುತ್ತಿದ್ದೆವು. ಅದಕ್ಕೇ ಆಯಮ್ಮ ಎದುರಿಗೇ ನುಂಗಿಸಿ, "ಆ ಕಾಟ್ಟು" ಅನ್ನುವಳು. ಬಾಯಿ ತೆರೆದು ತೋರಿಸು ಅಂತ. ದನದ ಹಲ್ಲು ನೋಡುವ ದಲ್ಲಾಳಿಯ ಹಾಗೆ ಬಗ್ಗಿ, ನಾಲಿಗೆ ಎತ್ತಿಸಿ ನೋಡಿದ ಮೇಲೇ ಹೊಸಲು ಬಿಡುತ್ತಿದ್ದುದು.

ನನ್ನ ಚೊಚ್ಚಲ ಬಸಿರಿನ ಐದನೇ ತಿಂಗಳಲ್ಲಿ ಆಯಮ್ಮನನ್ನು ಒಂದು ತಿಂಗಳು ಬೇರೆ ಕಡೆ ಕೆಲಸಕ್ಕೆ ಹಾಕಿದರು. ತಿಂಗಳ ಮಾತ್ರೆಯನ್ನು ಪೊಟ್ಟಣ ಕಟ್ಟಿ ನನ್ನ ಕೈಗಿಟ್ಟು, "ವಾರ ತಪ್ಪಿಸಬ್ಯಾಡ ರತ್ನಾ" ಅಂದು ಓಡಿದಳು. ಅತ್ತೆ ಪೊಟ್ಟಣ ಬಿಚ್ಚಿ ನೋಡಿದಳು. "ಇದು ಉಷ್ಣ ಕಣೆ. ಪೂರ್ತಿ ತಿಂದ್ರೆ ಕೂಸು ಜಾರೋಗ್ತದೆ" ಅಂತ ಅಡಕೆ ಕತ್ತರಿ ತಂದು ಒಂದೊಂದು ಮಾತ್ರೆಯನ್ನೂ ಎರಡು ಹೋಳು ಮಾಡಿದಳು. ಅರ್ಧ ನನಗೆ. ಇನ್ನರ್ಧ, ಆಗಾಗ ಮೈ ಬೆಚ್ಚಗಾಗುತ್ತಿದ್ದ ಅವಳ ಮಗನಿಗೆ, ಅಂದರೆ ನನ್ನ ಗಂಡನಿಗೆ. ನಮ್ಮ ಮನೆಯಲ್ಲಿ ಯಾರೂ ಏನನ್ನೂ ಒಬ್ಬರೇ ತಿಂದವರಲ್ಲ. ನನಗೆ ಬಾಯಿರಲಿಲ್ಲವೇ? ಇತ್ತು. ಕಹಿ ಅರ್ಧವಾಯಿತಲ್ಲ ಅಂತ ಒಳಗೊಳಗೇ ಖುಷಿಪಟ್ಟೆ.

ರೋಸಮ್ಮ ಹಿಂತಿರುಗಿದ ದಿನ ನಾನು ಮೂರು ಕಂಬಳಿ ಹೊದ್ದು ಗಡಗಡ ನಡುಗುತ್ತಿದ್ದೆ. ಆಯಮ್ಮನ ಕಣ್ಣು ಎಲೆಅಡಕೆ ತಟ್ಟೆಯಲ್ಲಿದ್ದ ಕತ್ತರಿಯ ಮೇಲೆ ಬಿತ್ತು. ಅಲುಗಿಗೆ ಅಂಟಿದ್ದ ಬಿಳಿ ಪುಡಿಯನ್ನು ಬೆರಳಲ್ಲಿ ತೆಗೆದು ನಾಲಿಗೆಗಿಟ್ಟುಕೊಂಡಳು.

"ಅರ್ಧ ಏಟು ಆಕಿ ಹಾವು ಬಿಟ್ರಲ್ಲಮ್ಮ!" ಅಂತ ಕೂಗಾಡಿದಳು. "ಅರ್ಧ ಮಾತ್ರೆಗೆ ಜ್ವರ ಸಾಯಲ್ಲ, ಪಳಗ್ತದೆ. ನಾಳೆ ಪೂರ್ತಿ ಕೊಟ್ರೂ ಲೆಕ್ಕಕ್ಕಿಡಲ್ಲ. ಊರೆಲ್ಲ ಇಂಗೇ ಮಾಡಿದ್ರೆ ಈ ಮಾತ್ರೆ ಒಂದಿನ ಯಾರಿಗೂ ಕೇಳಲ್ಲ!"

ಪೂರ್ತಿ ಔಷಧಿ ಕೊಟ್ಟಳು, ದಿನಾ ಬಂದಳು. ಜ್ವರ ಬಿಟ್ಟಿತು, ಮತ್ತೆ ಹಿಡಿಯಿತು. ಏಳನೇ ತಿಂಗಳಿಗೆ ಗಂಡು ಕೂಸು ಹುಟ್ಟಿತು. ಅಂಗೈಯಗಲ. ಅಳಲೇ ಇಲ್ಲ.

ಅವತ್ತೇ ಮೊದಲ ಸಲ ಆಯಮ್ಮ ಕೂತಿದ್ದು. ನಮ್ಮ ಹೊಸಲ ಮೇಲೇ ಕೂತಳು. ಅತ್ತೆ ಅನಿಷ್ಟ ಅನ್ನಲಿಲ್ಲ. "ಅವಳಿಗೆ ಹೇಳಿ ಓಡಿದೆ. ನಿಮಗೆ ಕೂತು ಹೇಳಬೇಕಿತ್ತು. ನಂದೇ ತಪ್ಪಮ್ಮ" ಅಂದಳು. ಅತ್ತೆ ಬಾಯಿಗೆ ಸೆರಗು ತುರುಕಿಕೊಂಡು ಅತ್ತಳು. ಕತ್ತರಿಯನ್ನು ಅಟ್ಟಕ್ಕೆಸೆದವಳು ಮತ್ತೆ ಇಳಿಸಲಿಲ್ಲ. ಉಳಿದ ನಾಲ್ಕು ಹಲ್ಲಲ್ಲೇ ಅಡಕೆ ಕಡಿದಳು.

ಎರಡನೇ ಬಸಿರಿನಲ್ಲಿ ಮಾತ್ರೆ ನುಂಗಿಸಿದ್ದು ಅತ್ತೆಯೇ. ತಮಿಳಿನ ಗಂಧ ಇಲ್ಲದವಳು, "ಆ ಕಾಟ್ಟೇ" ಅಂತ ಗದರುತ್ತಿದ್ದಳು! ನನಗೋ ನಿದ್ದೆಯಿಲ್ಲ. ಮೈ ಬಿಸಿಯಾಯಿತೇನೋ ಅಂತ ಗಳಿಗೆಗೊಮ್ಮೆ ಕುತ್ತಿಗೆ ಮುಟ್ಟಿಕೊಳ್ಳುತ್ತಿದ್ದೆ. ಮತ್ತೆ ಏಳನೇ ತಿಂಗಳು ಬಂತು. ಆಗಲೇ ರೋಸಮ್ಮನಿಗೆ ದೂರದೂರಿಗೆ ವರ್ಗವಾಯಿತು.

ಬೇಡವೆಂದರೂ ಬಂಗಾರಪೇಟೆ ಸ್ಟೇಷನ್ನಿಗೆ ಹೋದೆ. ಡಬ್ಬಿಯಲ್ಲಿ ಜಾಗ ಬೇಕಾದಷ್ಟಿತ್ತು. ಆಯಮ್ಮ ಮಾತ್ರ ಕಿಟಕಿ ಹಿಡಿದು ನಿಂತೇ ಇದ್ದಳು.

"ಕೂತ್ಕಳ್ರಮ್ಮ" ಅಂದೆ.

"ಈ ವಾರದ್ದು ತಿಂದ್ಯಾ?"

"ಮನೆಗೋಗಿ ತಿಂತೀನಿ. ಸೆರಗಲ್ಲೇ ಐತೆ."

ಆಯಮ್ಮನ ಮುಖ ಸಪ್ಪಗಾಯಿತು. ಗಾರ್ಡ್ ಸೀಟಿ ಊದಿದ. ಸೆರಗಿನ ಗಂಟು ಬಿಚ್ಚಿ, ಮಾತ್ರೆಗಳನ್ನು ನೀರಿಲ್ಲದೆ ನುಂಗಿದೆ. ಕಹಿಗೆ ಕಣ್ಣಲ್ಲಿ ನೀರು ಬಂತು. ರೈಲು ಅಲುಗಿತು. ಏಳು ತಿಂಗಳ ಹೊಟ್ಟೆ ಹಿಡಿದುಕೊಂಡು ಕಿಟಕಿಯ ಜೊತೆಗೇ ನಡೆಯುತ್ತ, ಅಷ್ಟು ಜನರ ಎದುರಿಗೆ ಬಾಯಿ ಅಗಲಿಸಿ, ನಾಲಿಗೆ ಎತ್ತಿ, "ಆ" ಅಂದೆ. ಹೊಟ್ಟೆಯಲ್ಲಿದ್ದವಳು ಈಗ ಮೊಮ್ಮಕ್ಕಳನ್ನು ಕಂಡಿದ್ದಾಳೆ. ರೋಸಮ್ಮನನ್ನು ನಾನು ಮತ್ತೆ ಕಾಣಲಿಲ್ಲ.

ಅವತ್ತು ಆಯಮ್ಮ ಕಿಟಕಿಯಿಂದ ಬಗ್ಗಿ, ನನ್ನ ನಾಲಿಗೆಯ ಎಡಬಲ ಎರಡೂ ಕಡೆ ಸರಿಯಾಗಿ ನೋಡಿದಳು. ಆಮೇಲೆ ಕೂತಳು.