ಮೈಗೆ ಸೊಪ್ಪು ನಿಲ್ಲಿಸಿದ್ದು

ನನ್ನ ಕುತ್ತಿಗೆಯ ಗಂಟು ಟಿ ಕಣಗಳ ಲಿಂಫೋಮಾ, ಅಂದರೆ ಒಂದು ಬಗೆಯ ಕ್ಯಾನ್ಸರ್, ಅಂತ ಗೊತ್ತಾದ ದಿನ ನನಗೆ ಬಂದದ್ದು ಅಳುವಲ್ಲ, ಸಿಟ್ಟು. ನಲವತ್ತೆರಡು ವರ್ಷ ಸಾಕಿದ ಮೈಯೇ ನನಗೆ ತಿರುಗಿಬಿದ್ದಿತ್ತು. ಬೆಂಗಳೂರಿನ ಆಸ್ಪತ್ರೆಯ ಡಾಕ್ಟರಮ್ಮ ಕಾಗದದ ಮೇಲೆ ಒಂದು ಸೊನ್ನೆ ಬರೆದು ಸುತ್ತ ಸಣ್ಣ ಗೆರೆ ಎಳೆದರು. ಸೊನ್ನೆ ಅಂದರೆ ಟಿ ಕಣ, ರೋಗದ ಜೊತೆ ಕಾದಾಡುವ ಬಿಳಿ ರಕ್ತಕಣ. ಗೆರೆಗಳು ಗ್ರಾಹಕಗಳು, ಬೆಳೆಯಬೇಕೆಂಬ ಸೂಚನೆಯನ್ನು ಹಿಡಿದು ಒಳಕ್ಕೆ ಮುಟ್ಟಿಸುವುದು ಅವುಗಳ ಕೆಲಸ. ಸೂಚನೆ ಬಂದರೆ ಕಣ ಒಂದು ಎರಡಾಗುತ್ತದೆ, ಕೆಲಸ ಮುಗಿದರೆ ನಿಲ್ಲುತ್ತದೆ.

"ನಿಮ್ಮ ಕಣಗಳಿಗೆ ನಿಲ್ಲೋದೇ ಮರೆತುಹೋಗಿದೆ. ಯಾರೂ ಹೇಳದಿದ್ರೂ ಬೆಳೀತಾನೇ ಇವೆ," ಎಂದರು.

ನನಗೆ ಚೆನ್ನಾಗಿಯೇ ಅರ್ಥವಾಯಿತು. ಅಷ್ಟು ಚೆನ್ನಾಗಿ ಅರ್ಥವಾಗಬಾರದಿತ್ತು.

ಮರಳವಾಡಿ ಕಡೆಯ ನಮ್ಮ ಮನೆಯಲ್ಲಿ ರೇಷ್ಮೆಹುಳು ಸಾಕುವುದು ನನ್ನ ಉಸ್ತುವಾರಿ. ಹುಳು ಪೊರೆ ಕಳಚಲು ಮಲಗುವುದಕ್ಕೆ ನಾವು ಜ್ವರ ಅನ್ನುತ್ತೇವೆ. ಎಲ್ಲವೂ ಒಟ್ಟಿಗೆ ಏಳುವುದಿಲ್ಲ. ಬೇಗ ಎದ್ದವು ತಲೆ ಆಡಿಸುತ್ತಾ ಹಿಪ್ಪುನೇರಳೆ ಸೊಪ್ಪು ಹುಡುಕುತ್ತವೆ. ಹಾಕಿದರೆ ಕೆಟ್ಟೆವು, ಅವು ಬೆಳೆಯುವುದರಲ್ಲಿ ಮುಂದೆ ಓಡಿ, ಉಳಿದವು ಹಿಂದೆ ಬಿದ್ದು, ಬೆಳೆಯೇ ಏರುಪೇರಾಗುತ್ತದೆ. ಅದಕ್ಕೇ ಹಿಂದಿನವು ಏಳುವ ತನಕ ಸೊಪ್ಪು ನಿಲ್ಲಿಸುತ್ತೇವೆ. ಓಡುವ ಹುಳುವನ್ನು ಹೀಗೆ ತಡೆಯುವುದರಲ್ಲಿ ನನ್ನನ್ನು ಮೀರಿಸುವವರು ಸುತ್ತಮುತ್ತ ಇಲ್ಲ ಎಂಬ ಜಂಬ ನನಗಿತ್ತು.

ಸರಿ, ಮೈಗೂ ಸೊಪ್ಪು ನಿಲ್ಲಿಸಿದೆ. ಮೊದಲ ಕೀಮೋ ಮುಗಿಸಿ ಬಂದವಳು ಯಾರಿಗೂ ಹೇಳಲಿಲ್ಲ. ಅತ್ತೆ ಬಡಿಸಿದ ಮುದ್ದೆಯಲ್ಲಿ ಎರಡು ತುತ್ತು ನುಂಗಿ, ಉಳಿದದ್ದನ್ನು ಹಿತ್ತಲಿನ ಕೋಳಿಗಳಿಗೆ ಎಸೆಯುತ್ತಿದ್ದೆ. ಆ ಕಣಗಳು ಹಸಿದು ಸಾಯಲಿ ಅಂತ ಹಲ್ಲು ಕಚ್ಚಿಕೊಂಡು ಕೂತೆ. ಕೋಳಿಗಳು ದುಂಡಗಾದವು.

ಎರಡನೇ ಕೀಮೋಗೆ ಹೋದಾಗ ಡಾಕ್ಟರಮ್ಮ ನನ್ನ ತೂಕ ನೋಡಿ ಪೆನ್ನು ಕೆಳಗಿಟ್ಟರು. ಆರು ಕಿಲೋ ಇಳಿದಿದ್ದೆ.

"ಈ ಮೈ ಇವತ್ತು ಔಷಧಿ ತಡ್ಕೊಳ್ಳಲ್ಲ. ಹಾಕದೆ ಬಿಟ್ರೆ ಆ ಕಣಗಳು ಬೆಳೀತವೆ. ಏನ್ರೀ ಮಾಡ್ಕೊಂಡ್ರಿ?"

ಪಕ್ಕದಲ್ಲಿದ್ದ ಯಜಮಾನರ ಮುಖ ಬಿಳುಚಿತು. ನಾನು ತಲೆ ತಗ್ಗಿಸಿ ಎಲ್ಲ ಹೇಳಿದೆ.

ಡಾಕ್ಟರಮ್ಮ ಬಯ್ಯಲಿಲ್ಲ. "ಸೂಚನೆ ಬೇರೆ, ಊಟ ಬೇರೆ. ನೀವು ಉಪವಾಸ ಇದ್ರೆ ಕರಗೋದು ನಿಮ್ಮ ಮೈ, ಆ ಗಂಟಲ್ಲ. ಅದನ್ನ ನಿಲ್ಲಿಸೋ ಕೆಲಸ ಔಷಧಿದು. ಔಷಧಿ ತಡ್ಕೊಳ್ಳೋ ಕೆಲಸ ನಿಮ್ಮದು. ಹತ್ತು ದಿನ ಟೈಮ್ ಕೊಡ್ತೀನಿ, ತೂಕ ಏರಿಸ್ಕೊಂಡು ಬನ್ನಿ." ಬಸ್ಸಿನಲ್ಲಿ ಬರುವಾಗ ಮೊದಲ ಸಲ ನನಗೆ ಸಾವಿನ ಭಯವಾಯಿತು. ನನ್ನ ಕೈಯಾರೆ ಹತ್ತಿರ ಕರೆದಿದ್ದೆನಲ್ಲ.

ವಿಷಯ ತಿಳಿದ ಅತ್ತೆ ಸೊಂಟಕ್ಕೆ ಸೆರಗು ಸಿಕ್ಕಿಸಿದರು. "ಅಲ್ಲ ಕಣಮ್ಮಿ, ಇಷ್ಟ್ ವರ್ಸ ಹುಳ ಮೇಯ್ಸಿದ್ದೀಯ, ಒಸಿನಾದ್ರೂ ಬುದ್ಧಿ ಬ್ಯಾಡ್ವಾ? ಸೊಪ್ಪು ನಿಲ್ಸದು ಒಂದಿನದ ಮಾತು. ಜಾಸ್ತಿ ನಿಲ್ಸುದ್ರೆ ಒಳ್ಳೇ ಹುಳವೇ ಬಾಡೋಯ್ತವೆ."

ಅಲ್ಲಿಂದ ಹೊತ್ತು ಹೊತ್ತಿಗೂ ನನ್ನೆದುರು ಕೂತು, ತಟ್ಟೆ ಖಾಲಿಯಾಗುವ ತನಕ ಅಲುಗುತ್ತಿರಲಿಲ್ಲ. ಬಾಯಿ ತುಂಬ ಹುಣ್ಣು. ಅಂಬಲಿ, ಬೇಯಿಸಿದ ಮೊಟ್ಟೆ, ಹಿಚುಕಿದ ಅನ್ನ. ವಾಂತಿಯಾದರೆ ಬಾಯಿ ತೊಳೆದು ಮತ್ತೆ ತಿಂದೆ. ಹತ್ತನೇ ದಿನ ತಕ್ಕಡಿಯ ಮುಳ್ಳು ಎರಡು ಕಿಲೋ ಮೇಲೆ ಹೋಯಿತು, ಔಷಧಿ ಮತ್ತೆ ಶುರುವಾಯಿತು. ಮುಂದಿನ ಒಂದು ಸರದಿಯನ್ನೂ ತಪ್ಪಿಸಲಿಲ್ಲ. ಕೂದಲು ಹೋಯಿತು, ಉಗುರು ಕಪ್ಪಾಯಿತು, ತೂಕ ಮಾತ್ರ ಇಳಿಯಗೊಡಲಿಲ್ಲ.

ಕೊನೆಯ ಸ್ಕ್ಯಾನಿನ ವರದಿ ಹಿಡಿದು ಡಾಕ್ಟರಮ್ಮ, "ಎಲ್ಲೂ ಕಾಣ್ತಾ ಇಲ್ಲ," ಅಂದರು. ಇನ್ನೊಂದು ಸಲ ಹೇಳಿ ಅಂದೆ. ಹೇಳಿದರು. ತಪಾಸಣೆಗೆ ಬರುತ್ತಿರಬೇಕು ಅಂದರು. ಬರುತ್ತೇನೆ, ಅದಕ್ಕೇನಂತೆ! ಯಜಮಾನರು ಗೋಡೆಯ ಕಡೆ ತಿರುಗಿ ಅಳುತ್ತಿದ್ದರು. ನನಗೆ ಕೂಗಬೇಕೆನಿಸಿತು. ಆಸ್ಪತ್ರೆಯ ಗೇಟಿನಲ್ಲೇ ನಿಂತು, ನನ್ನನ್ನು ನೋಡಲು ಬಂದು "ಪಾಪ" ಅಂತ ಲೊಚಗುಟ್ಟಿ ಹೋಗಿದ್ದ ಹೆಂಗಸರಿಗೆಲ್ಲ ಒಬ್ಬೊಬ್ಬರಿಗೇ ಫೋನ್ ಮಾಡಿದೆ.

"ಗೆದ್ಬುಟ್ಟೆ ಕಣಕ್ಕ," ಅಂದೆ. "ಬದುಕಿವ್ನಿ."