ನೆಲ್ಲಾ ಬಾಯಿ ಮುಚ್ಚಿಕೊಂಡ ನಾಲ್ಕು ದಿನ

ನೆಲ್ಲಾ ಎಂದೇ ಎಲ್ಲರೂ ಕರೆಯುವ ಪೀಟರ್ನೆಲ್ಲಾ ವಿಸ್ಸೆ ಜೊತೆ ಒಂದು ಕಪ್ ಕಾಫಿ ಕುಡಿಯಬಹುದು, ಎರಡನೆಯದಕ್ಕೆ ಕೂತರೆ ಜಗಳ ಗ್ಯಾರಂಟಿ ಎಂದು ಬೀದಿಯವರು ಹೇಳುತ್ತಿದ್ದರು. ಎಡಮನೆಯವರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಎರಡನೆಯ ಕಪ್ಪಿನವರೆಗೆ ಅವಳು ಕಾಯುವುದೂ ಇಲ್ಲ ಎನ್ನುತ್ತಿದ್ದರು. ಅವರ ಬೇಲಿಗಿಡ ಎರಡು ಬೆರಳು ಎತ್ತರ ಬೆಳೆದಿದೆ ಎಂದು ಅಳತೆಪಟ್ಟಿ ಹಿಡಿದು ಬಂದವಳು ಅವಳು.

ತಪ್ಪು ಅವಳದಲ್ಲ, ಅವಳ ಕೆಲಸದ್ದು. ದೇಶದ ದಕ್ಷಿಣ ತುದಿಯ ಕಡಲತೀರದ ಸೀಮೆಯಾದ ಝೀಲಂಡಿನಲ್ಲಿ ಒಂದು ಕಾಲುವೆಯ ಎತ್ತುಸೇತುವೆಯ ಮೇಲಿನ ಗಾಜಿನ ಗೂಡಿನಲ್ಲಿ ಮೂವತ್ತೊಂದು ವರ್ಷ ಕೂತು, ಕೆಳಗೆ ಹೋಗುವ ದೋಣಿಗಳಿಗೂ ಮೇಲೆ ಹೋಗುವ ಕಾರುಗಳಿಗೂ ಧ್ವನಿವರ್ಧಕದಲ್ಲಿ ಬುದ್ಧಿ ಹೇಳಿದವಳು. ನಿಲ್ಲು ಎಂದರೆ ನಿಲ್ಲಬೇಕು, ಹೋಗು ಎಂದರೆ ಹೋಗಬೇಕು. ಒಮ್ಮೆ ಮೇಯರ್ ಸಾಹೇಬರ ಕಾರನ್ನೇ ನಿಲ್ಲಿಸಿ, ಎದುರಿಗೆ ಬಾತುಕೋಳಿಯ ಸಂಸಾರ ದಾಟಲು ಬಿಟ್ಟಿದ್ದಳಂತೆ. ಮದುವೆಯಾಗಲಿಲ್ಲ. ತಮ್ಮ ಒಬ್ಬ ಹನ್ನೊಂದು ತಿಂಗಳು ಜೊತೆಗಿದ್ದು ನ್ಯೂಜಿಲೆಂಡಿಗೆ ಹೋದ. ಭೂಮಿಯ ಮೇಲೆ ಅದಕ್ಕಿಂತ ದೂರದ ಜಾಗ ಇದ್ದಿದ್ದರೆ ಅಲ್ಲಿಗೇ ಹೋಗುತ್ತಿದ್ದ ಎಂದು ಬೀದಿಯವರು ಆಡಿಕೊಂಡರು.

ಆಮೇಲೆ ಸೇತುವೆಯನ್ನು ಯಾವುದೋ ಊರಿನ ಕಚೇರಿಯಲ್ಲಿ ಕೂತು ಪರದೆ ನೋಡಿಕೊಂಡು ಎತ್ತುವ ಕಾಲ ಬಂತು. ನೆಲ್ಲಾಗೆ ಹೂಗುಚ್ಛ ಕೊಟ್ಟು ಮನೆಗೆ ಕಳಿಸಿದರು. ಮನೆಯಲ್ಲಿ ತಿದ್ದಲು ಯಾರೂ ಇಲ್ಲ. ಅವಳು ರೇಡಿಯೋಗೆ ಎದುರುತ್ತರ ಕೊಡಲು ಶುರುಮಾಡಿದಳು. ಅದು ಮಾತ್ರ ಯಾವತ್ತೂ ತಿರುಗಿ ಬೈಯಲಿಲ್ಲ. ಮೂರು ವರ್ಷ ಹೀಗೆ ಕಳೆದ ಮೇಲೆ, ಮನೆಯೊಳಗೆ ತನ್ನ ಚಪ್ಪಲಿಯ ಸದ್ದು ಕೇಳಿದರೂ ಯಾರೋ ಬಂದರು ಎಂದು ಅವಳ ಕಿವಿ ನೆಟ್ಟಗಾಗುತ್ತಿತ್ತು.

ಅಂಥ ಹೊತ್ತಿನಲ್ಲಿ ತನ್ನೆಕೆ ಎಂಬವಳು ಒಂದು ಮಾತು ತೆಗೆದಳು. ತನ್ನೆಕೆ ಗುರುವಾರದ ಸಂತೆಯಲ್ಲಿ ಮೀನು ಮಾರುತ್ತಿದ್ದ ದುಂಡುಮುಖದ ವಿಧವೆ. ಶಾಲೆಯ ದಿನದಿಂದ ಗೆಳತಿ. ತನ್ನ ಮನೆಯ ಮೇಲೆ ಎರಡು ಕೋಣೆ ಖಾಲಿ ಬಿದ್ದಿವೆ, ಇಬ್ಬರೂ ಒಂದೇ ಸೂರಿನಡಿ ಇದ್ದುಬಿಡೋಣ ಎಂದಳು. ಆದರೆ ಮೊದಲು ಏಳು ದಿನ ಸೈಕಲ್ ಮೇಲೆ ಕಡಲ ಅಂಚು ಹಿಡಿದು ಉತ್ತರದ ತುದಿಯ ಡೆನ್ ಹೆಲ್ಡರ್‌ವರೆಗೆ ಹೋಗಬೇಕು. ಹೊಂದಿಕೆಯಾಗುತ್ತದೋ ಇಲ್ಲವೋ ಅಲ್ಲೇ ಗೊತ್ತಾಗುತ್ತದೆ.

ನೆಲ್ಲಾ ಯೋಚಿಸಿ ಹೇಳುತ್ತೇನೆ ಎಂದಳು. ನಿಜವಾಗಿ ಅವಳು ಆ ಕೋಣೆಗಳ ಕಿಟಕಿಯನ್ನು ಕಣ್ಣಳತೆಯಲ್ಲೇ ಅಳೆದು, ತನ್ನ ಪರದೆಗಳ ಅಂಚು ಎಷ್ಟು ಮಡಚಬೇಕೆಂದು ಆಗಲೇ ಲೆಕ್ಕ ಹಾಕಿದ್ದಳು. ಆ ಕೋಣೆಗಳು ಬೇಕೇ ಬೇಕು. ಅದಕ್ಕೆ ಇರುವ ಒಂದೇ ಅಡ್ಡಿ ತನ್ನ ನಾಲಿಗೆ. ಆದ್ದರಿಂದ ಅರ್ಧ ಕಿಲೋ ಉಪ್ಪು ಜ್ಯೇಷ್ಠಮಧುವಿನ ಕರಿ ಮಿಠಾಯಿ ಕೊಂಡು ಸೈಕಲ್ ಚೀಲದಲ್ಲಿ ಇಟ್ಟುಕೊಂಡಳು. ಬಾಯಿಗೆ ಮಾತು ಬಂದಾಗಲೆಲ್ಲ ಒಂದು ಒಳಗೆ ಹಾಕುವುದು, ಅದು ಹಲ್ಲಿಗೆ ಅಂಟಿಕೊಂಡು ಕರಗುವಷ್ಟರಲ್ಲಿ ಮಾತು ಹಿಂದಕ್ಕೆ ಹೋಗುವುದು. ಇದು ಉಪಾಯ.

ಮೊದಲ ಮಿಠಾಯಿ ಗೇಟಿನಲ್ಲೇ ಖರ್ಚಾಯಿತು. ಆ ದೇಶದಲ್ಲಿ ಗಾಳಿ ನೈಋತ್ಯದಿಂದ ಬೀಸುವುದು ಹಾಲು ಕುಡಿಯುವ ಮಗುವಿಗೂ ಗೊತ್ತು. ದಕ್ಷಿಣದಿಂದ ಹೊರಟರೆ ಗಾಳಿಯೇ ಬೆನ್ನಿಗೆ ಕೈ ಕೊಟ್ಟು ತಳ್ಳುತ್ತದೆ ಎಂದು ತನ್ನೆಕೆ ನಗುತ್ತ ಹೇಳಿದಳು. ಬೆಳಗಿನ ರೇಡಿಯೋ ಮಾತ್ರ ಈ ವಾರವೆಲ್ಲ ಈಶಾನ್ಯದ ಗಾಳಿ ಎಂದು ಹೇಳಿತ್ತು. ನೆಲ್ಲಾ ಮಿಠಾಯಿ ಹಾಕಿಕೊಂಡಳು.

ಕಡಲಿಗೆ ಅಡ್ಡ ಕಟ್ಟಿದ ದೊಡ್ಡ ತಡೆಗೋಡೆಯ ಮೇಲೆ ಒಂಬತ್ತು ಕಿಲೋಮೀಟರ್ ಹೋಗಲು ಅವರಿಗೆ ಎರಡೂಕಾಲು ಗಂಟೆ ಹಿಡಿಯಿತು. ಪಕ್ಕದಲ್ಲಿ ಹಾರುತ್ತಿದ್ದ ಕಡಲಹಕ್ಕಿಯೊಂದು ಮುಂದೆ ಹೋಗಲಾರದೆ ಅಲ್ಲೇ ತೂಗಾಡುತ್ತ, ಇವರಿಬ್ಬರನ್ನೂ ನೋಡಿ, ಬೇಸತ್ತು ಹಿಂದಕ್ಕೆ ಹೋಯಿತು. ಎದುರಿನಿಂದ ಒಬ್ಬ ಮುದುಕ ಪೆಡಲು ತುಳಿಯದೆ, ಒಂದು ಕೈ ಜೇಬಿನಲ್ಲಿಟ್ಟು, ಇನ್ನೊಂದರಲ್ಲಿ ಸೇಬು ತಿನ್ನುತ್ತ ಸರ್ರನೆ ಬಂದು ಸರ್ರನೆ ಹೋದ.

“ಚೆನ್ನಾಗಿದೆ ಅಲ್ವೇನೇ?” ಎಂದಳು ತನ್ನೆಕೆ.

“ತುಂಬಾ ಚೆನ್ನಾಗಿದೆ,” ಎಂದಳು ನೆಲ್ಲಾ, ಮೂರು ಮಿಠಾಯಿಗಳ ನಡುವಿನಿಂದ.

ಸೈಕಲ್ಲಿನವರಿಗೆ ಕೋಣೆ ಬಿಟ್ಟುಕೊಡುವ ಮನೆಗಳಲ್ಲಿ ಉಳಿದರು. ಕಿಟಕಿ ತೆರೆದಿರಲೋ ಮುಚ್ಚಲೋ ಎಂದು ತನ್ನೆಕೆ ಕೇಳಿದರೆ ನೆಲ್ಲಾ, ನಿನ್ನಿಷ್ಟ ಎಂದಳು. ಬೆಳಿಗ್ಗೆ ತಟ್ಟೆಯಲ್ಲಿ ಒಂದೇ ಬ್ರೆಡ್ ಚೂರು ಉಳಿದಾಗಲೂ ನಿನ್ನಿಷ್ಟ. ಎಲ್ಲರಂತೆ ಬೆಣ್ಣೆ ಸವರಿ ಅದರ ಮೇಲೆ ಚಾಕೊಲೇಟ್ ಕಾಳು ಉದುರಿಸುವ ಬದಲು, ಬರೀ ಬ್ರೆಡ್ಡಿಗೆ ಕಾಳು ಉದುರಿಸಿ ಮೇಲೆ ಬೆಣ್ಣೆ ಸವರುತ್ತಿದ್ದ ತನ್ನೆಕೆಯ ಕೈಯನ್ನು ನೋಡುತ್ತ ನೆಲ್ಲಾ ಒಂದೇ ಸಲಕ್ಕೆ ನಾಲ್ಕು ಮಿಠಾಯಿ ನುಂಗಿದಳು. ಆ ಮಿಠಾಯಿ ಹೆಚ್ಚು ತಿಂದರೆ ರಕ್ತದೊತ್ತಡ ಏರುತ್ತದೆ. ಮೂರನೆಯ ದಿನಕ್ಕೆ ಅವಳ ಮುಖ ಟೊಮೆಟೊ, ನಾಲಿಗೆ ಇದ್ದಿಲು. ಕಡಲಗಾಳಿ ಎಷ್ಟು ಚೆನ್ನಾಗಿ ಹಿಡಿಸಿದೆ ಅಂತೀನಿ ಇವಳಿಗೆ, ಎಂದು ತನ್ನೆಕೆ ಮನೆಯೊಡತಿಗೆ ಹೇಳಿದಳು. ಹೇಳುವಾಗ ಅವಳ ದನಿಯಲ್ಲಿ ಮಾತ್ರ ಉತ್ಸಾಹ ಇಳಿದಿತ್ತು. ನೆಲ್ಲಾಗೆ ಅದು ಕೇಳಿಸಿತು. ಇನ್ನಷ್ಟು ಒಳ್ಳೆಯವಳಾಗಬೇಕು ಎಂದುಕೊಂಡಳು.

ನಾಲ್ಕನೆಯ ದಿನ ಮರಳುದಿಬ್ಬಗಳ ದಾರಿ ರಿಪೇರಿಗೆ ಮುಚ್ಚಿತ್ತು. ಹೂಗಡ್ಡೆಯ ಹೊಲಗಳ ನಡುವೆ ಸುತ್ತಿಕೊಂಡು ಹೋಗಬೇಕು. ಅಲ್ಲಿ ಸೈಕಲ್ ದಾರಿ ಕೂಡುವಲ್ಲೆಲ್ಲ ಕಂಬಕ್ಕೆ ಒಂದೊಂದು ಸಂಖ್ಯೆ. ಹೋಗಬೇಕಾದ ಸಂಖ್ಯೆಗಳನ್ನು ಬರೆದಿಟ್ಟುಕೊಂಡು ಬಾಣ ನೋಡಿಕೊಂಡು ಹೋದರಾಯಿತು. ತನ್ನೆಕೆ ನಾಲ್ಕು ಸಂಖ್ಯೆಗಳನ್ನು ಕಾಗದದ ಪಟ್ಟಿಯಲ್ಲಿ ಬರೆದು, ಗಾಳಿಗೆ ಹಾರದಿರಲಿ ಎಂದು ಅದನ್ನು ಹ್ಯಾಂಡಲ್ಲಿಗೆ ಬಳೆಯಂತೆ ಸುತ್ತಿ ಟೇಪು ಹಾಕಿದಳು. ನಾಲ್ಕನೆಯ ಸಂಖ್ಯೆ ಮುಗಿದಾಗ ಬಳೆ ತಿರುಗಿಸಿದಳು. ಮತ್ತೆ ಮೊದಲನೆಯದು ಬಂತು. ಆ ಸಂಖ್ಯೆಯ ಕಡೆಗೆ ಬಾಣವೂ ಅದೇ ಕಂಬದಲ್ಲಿ ಇತ್ತು. ಹೊರಟರು.

ಏಣಿ ಹತ್ತಿ ಚಾವಣಿಯ ಅಂಚಿನ ಮಳೆನೀರಿನ ದೋಣಿಯಿಂದ ಕಸ ತೆಗೆಯುತ್ತಿದ್ದ ಸೈಮೆನ್ ಎಂಬುವನಿಗೆ ತನ್ನೆಕೆ ಮೊದಲ ಸುತ್ತಿನಲ್ಲಿ ನಮಸ್ಕಾರ ಹೇಳಿದಳು. ಎರಡನೆಯ ಸುತ್ತಿನಲ್ಲಿ ಹವಾ ಚೆನ್ನಾಗಿದೆ ಎಂದಳು. ನೆಲ್ಲಾಗೆ ಏಣಿಯ ಗುರುತೂ ಸಿಕ್ಕಿತು, ಮನುಷ್ಯನ ಗುರುತೂ ಸಿಕ್ಕಿತು. ಅವಳು ಮಿಠಾಯಿಗೆ ಕೈ ಹಾಕಿದಳು. ಮೂರನೆಯ ಸುತ್ತಿನಲ್ಲಿ ಸೈಮೆನ್ ಏಣಿಯಿಂದ ಇಳಿದು, ಅಂಗಳದಲ್ಲಿ ಮೂರು ಕುರ್ಚಿ ಹಾಕಿ, ಕಾಫಿ ಇಟ್ಟುಕೊಂಡು ಕಾಯುತ್ತಿದ್ದ.

“ಅಮ್ಮಾವ್ರೇ, ಮನೆ ಏನಾದ್ರೂ ಕೊಳ್ಳೋಕೆ ನೋಡ್ತಿದ್ದೀರಾ? ನಾನಂತೂ ಮಾರಲ್ಲ.”

ಉತ್ತರಕ್ಕೆ ಹೋಗುತ್ತಿದ್ದೇವೆ ಎಂದಳು ತನ್ನೆಕೆ. ಉತ್ತರಕ್ಕೆ ಹೋಗುವವರನ್ನು ಇಪ್ಪತ್ತು ವರ್ಷದಿಂದ ನೋಡಿದ್ದೇನೆ, ಅವರೆಲ್ಲ ಒಂದೇ ಸಲ ಹೋಗುತ್ತಾರೆ ಎಂದ ಸೈಮೆನ್. ತಲೆಗೊಂದು ಬಿಸ್ಕತ್ತು ಕೊಟ್ಟು ಡಬ್ಬಿಯ ಮುಚ್ಚಳಕ್ಕೆ ಕೈ ಹಾಕಿದ. ನೆಲ್ಲಾ ಚೀಲದೊಳಗೆ ಕೈ ಆಡಿಸಿದಳು. ಮಿಠಾಯಿ ಖಾಲಿ.

“ಡಬ್ಬಿ ಮುಚ್ಚಬೇಡಿ,” ಎಂದಳು ಸೈಮೆನ್‌ಗೆ. ಬಾಯಿ ತೆರೆದದ್ದೇ ತೆರೆದದ್ದು, ಉಳಿದದ್ದೆಲ್ಲ ಸಾಲುಗಟ್ಟಿ ಹೊರಗೆ ಬಂತು. “ಲೇ ತನ್ನೆಕೆ, ಆ ಪಟ್ಟೀನ ಬಳೆ ಥರ ಸುತ್ತಿದ್ದೀಯಲ್ಲ, ಅದಕ್ಕೆ ಕೊನೆ ಎಲ್ಲಿದೆ ಹೇಳು ನೋಡೋಣ. ಸಾಯೋವರೆಗೂ ಇವರ ಏಣಿ ಸುತ್ತಬೇಕಿತ್ತು ನಾವು. ಬ್ರೆಡ್ಡಿನ ಮೇಲೆ ಕಾಳು ಹಾಕಿ ಆಮೇಲೆ ಬೆಣ್ಣೆ ಸವರೋರನ್ನ ನನ್ನ ಜನ್ಮದಲ್ಲಿ ನೋಡಿಲ್ಲ. ಗಾಳಿ ಈಶಾನ್ಯದ್ದು ಅಂತ ಹೊರಡೋ ಮೊದಲೇ ಗೊತ್ತಿತ್ತು ನನಗೆ.”

ಹೇಳಿ ಮುಗಿಸಿದ ಮೇಲೆ ಅವಳಿಗೆ ತಾನು ಏನು ಮಾಡಿದೆ ಎಂದು ಅರಿವಾಯಿತು. ಎರಡು ಕೋಣೆಗಳೂ ಅವುಗಳ ಕಿಟಕಿಗಳೂ ಕಣ್ಣೆದುರೇ ಹೋದವು.

ತನ್ನೆಕೆ ಮೊದಲು ಬಿಸ್ಕತ್ತು ಮುಗಿಸಿದಳು.

“ಗಾಳಿ ವಿಷಯ ನನಗೂ ಗೊತ್ತಿತ್ತು ಕಣೇ. ರೇಡಿಯೋ ನಮ್ಮನೇಲೂ ಇದೆ. ಗೇಟಲ್ಲೇ ನೀನು ಬೈತೀಯ, ರೈಲು ಹತ್ತಿ ಆ ತುದಿಯಿಂದ ಶುರುಮಾಡೋಣ ಅಂತ ಕಾಯ್ತಿದ್ದೆ. ನೀನು ತುಟಿ ಬಿಚ್ಚಲಿಲ್ಲ. ಬೆಣ್ಣೆ ಹಾಗೆ ಸವರಿದ್ದೂ ಬೇಕಂತಲೇ.”

“ಯಾಕೇ?”

“ನಮ್ಮ ಲೀಂಡರ್ಟ್ ಒಳ್ಳೆ ಗಂಡನೇ. ನಲವತ್ತು ವರ್ಷ ಏನು ಕೇಳಿದ್ರೂ ನಿನ್ನಿಷ್ಟ ಅಂದ. ಅವನಿಗೆ ಯಾವ ಮೀನು ಇಷ್ಟ ಅಂತ ಇವತ್ತಿಗೂ ನನಗೆ ಗೊತ್ತಿಲ್ಲ. ಮನೇಲಿ ಒಂದು ಬಾಯಿ ಇರಲಿ ಅಂತ ನಿನ್ನ ಕರೆದೆ. ನೀನು ನೋಡಿದ್ರೆ ನಾಲ್ಕು ದಿನದಿಂದ ಅವನೇ ಆಗಿಬಿಟ್ಟಿದ್ದೀಯ. ಇವಳನ್ನ ಕಟ್ಕೊಂಡು ಏನು ಮಾಡ್ಲಿ, ಬೇಡ ಅಂತ ಹೇಗೆ ಹೇಳಲಿ ಅಂತ ನಿನ್ನೆಯಿಂದ ತಲೆ ಕೆಡಿಸ್ಕೊಂಡಿದ್ದೀನಿ.”

ಪಟ್ಟಿಯದೂ ಬೇಕಂತಲೇ ಮಾಡಿದ್ದೋ ಎಂದು ನೆಲ್ಲಾ ಕೇಳಿದಳು. ತನ್ನೆಕೆ, ಅದಲ್ಲ, ಅದು ನಿಜವಾಗಿಯೂ ಗೊತ್ತಾಗಲಿಲ್ಲ ಎಂದಳು. ಸೈಮೆನ್ ಡಬ್ಬಿಯನ್ನು ಅವರ ಕಡೆ ಸರಿಸಿ ಏಣಿ ಹತ್ತಿದ. ಆದರೆ ಅವನು ಕಸ ತೆಗೆಯುವ ಸದ್ದು ಕೇಳಲಿಲ್ಲ.

ಅಲ್ಲಿಂದ ಡೆನ್ ಹೆಲ್ಡರ್‌ವರೆಗೆ ಮೂರು ದಿನ ಎದುರುಗಾಳಿಯಲ್ಲೇ ಜಗಳವಾಡಿಕೊಂಡು ಹೋದರು. ಟಯರಿಗೆ ಎಷ್ಟು ಗಾಳಿ ಇರಬೇಕು, ಶಾಲೆಯಲ್ಲಿ ಪಾಠ ಹೇಳಿದ್ದ, ಈಗ ಸತ್ತ ಟೀಚರ್ ಎಡಗೈಯವರೋ ಬಲಗೈಯವರೋ, ಕಾಣುತ್ತಿರುವ ದೀಪಸ್ತಂಭ ಯಾವುದು. ತನ್ನೆಕೆಯೂ ಬಿಟ್ಟುಕೊಡಲಿಲ್ಲ. ನಲವತ್ತು ವರ್ಷದ ಬಾಕಿ ಅವಳಲ್ಲೂ ಇತ್ತು. ನೆಲ್ಲಾಳ ಮುಖದ ಕೆಂಪು ಇಳಿಯಿತು.

ಅಕ್ಟೋಬರ್‌ನಲ್ಲಿ ನೆಲ್ಲಾ ಮನೆ ಮಾರಿದಳು. ಕೊಂಡುಕೊಂಡ ಹೊಸ ದಂಪತಿಗೆ ಕೀಲಿ ಕೊಡುವ ಮೊದಲು ಯಾವ ಬಾಗಿಲು ಮಳೆ ಬಂದರೆ ಉಬ್ಬುತ್ತದೆ, ಯಾವ ನಲ್ಲಿಯನ್ನು ಜೋರಾಗಿ ತಿರುಗಿಸಬಾರದು ಎಂದು ಮುಕ್ಕಾಲು ಗಂಟೆ ಹೇಳಿದಳು. ಅವರು ಬರೆದುಕೊಂಡರು, ಸರಿಯಾಗಿ ಬರೆದುಕೊಂಡರೋ ಎಂದು ನೋಡಿದಳು. ಮತ್ತೊಮ್ಮೆ ಒಳಗೆ ಹೋಗಿ, ಖಾಲಿ ಹಜಾರದ ಸುತ್ತ ಕಣ್ಣು ಹಾಯಿಸಿದಳು. ಅಲ್ಲಿ ಹೇಳುವುದಕ್ಕೆ ಏನೂ ಉಳಿದಿರಲಿಲ್ಲ. ಬಾಗಿಲು ಎಳೆದುಕೊಂಡು ಹೊರಬಂದಳು.

ತನ್ನೆಕೆ ಗೇಟಿನಲ್ಲಿ ಸೈಕಲ್ ಹಿಡಿದು ನಿಂತಿದ್ದಳು. ಕಾಲುವೆಯ ಏರಿಯ ಮೇಲಿನ ದಾರಿ ಹತ್ತಿರ ಎಂದಳು. ಯಾರು ಹೇಳಿದ್ದು, ಚರ್ಚಿನ ಹಿಂದಿನ ದಾರಿಯೇ ಹತ್ತಿರ ಎಂದಳು ನೆಲ್ಲಾ. ಸ್ವಲ್ಪ ಹೊತ್ತು ವಾದವಾಯಿತು. ಆಮೇಲೆ ಒಬ್ಬಳು ಏರಿಯ ಕಡೆಗೂ ಇನ್ನೊಬ್ಬಳು ಚರ್ಚಿನ ಕಡೆಗೂ ಸೈಕಲ್ ತಿರುಗಿಸಿ, ಒಂದೇ ಮನೆಗೆ, ಇದ್ದ ಶಕ್ತಿಯನ್ನೆಲ್ಲ ಹಾಕಿ ತುಳಿದರು.